ಕೈತೋಟದಲ್ಲಿ ರಾಜಗಿರಿ ಕಾಳು: ಬಿತ್ತುವುದು, ಕೊಯ್ಯುವುದು, ಮರಳಿಲ್ಲದೆ ಹಸನು ಮಾಡಿ ಉಣ್ಣುವುದು

ನನ್ನಿಂದ ರಾಜಗಿರಿ, ಅಂದರೆ ಕಾಳಿಗಾಗಿ ಬೆಳೆಯುವ ದಂಟಿನ ಬೀಜ ಒಯ್ದು ಬಿತ್ತಿದವರು ಮತ್ತೆ ಸಿಕ್ಕಾಗ ಹೇಳುವ ದೂರುಗಳು ಹೆಚ್ಚುಕಡಿಮೆ ನಾಲ್ಕೇ. ಬಿತ್ತಿದ್ದು ಹುಟ್ಟಲಿಲ್ಲ. ಹುಟ್ಟಿದ್ದು ಆಳೆತ್ತರ ಬೆಳೆದು ಮಗುಚಿ ಬಿತ್ತು. ಗಿಡ ಒಣಗಲಿ ಎಂದು ಕಾದೆವು, ಕೊಯ್ಯುವ ಹೊತ್ತಿಗೆ ತೆನೆಯಲ್ಲಿ ಕಾಳೇ ಇರಲಿಲ್ಲ. ಕಾಳೇನೋ ಸಿಕ್ಕಿತು, ಅಂಬಲಿ ಮಾಡಿದರೆ ಬಾಯಲ್ಲಿ ಕರಕರ ಮರಳು.

ಈ ಬೆಳೆಗೆ ನಮ್ಮಿಂದ ನಿಜವಾಗಿ ಕೆಲಸ ಬೇಕಿರುವುದು ಮೊದಲ ಇಪ್ಪತ್ತು ದಿನ ಮತ್ತು ಕೊನೆಯ ಇಪ್ಪತ್ತು ದಿನ. ನಡುವಿನ ಎರಡು ತಿಂಗಳು ಗಿಡ ತನ್ನಷ್ಟಕ್ಕೆ ಬೆಳೆಯುತ್ತದೆ. ಆದರೆ ಹೆಚ್ಚಿನವರು ಆ ಎರಡು ತಿಂಗಳು ಗೊಬ್ಬರ, ನೀರು ಎಂದು ಮುದ್ದು ಮಾಡಿ, ಬಿತ್ತನೆಯನ್ನೂ ಒಕ್ಕಣೆಯನ್ನೂ ಅವಸರದಲ್ಲಿ ಮುಗಿಸುತ್ತಾರೆ. ಅದಕ್ಕೇ ಇಲ್ಲಿ ಆ ಎರಡು ತುದಿಗಳ ಬಗ್ಗೆ ಹೆಚ್ಚು ಬರೆದಿದ್ದೇನೆ.

ಲೆಕ್ಕವೆಲ್ಲ 10 ಅಡಿಗೆ 10 ಅಡಿಯ ಒಂದು ಮಡಿಗೆ. ಚೆನ್ನಾಗಿ ಬಂದರೆ ಅದರಿಂದ 1 ಕಿಲೋ ಆಸುಪಾಸು ಹಸನಾದ ಕಾಳು ಸಿಗುತ್ತದೆ.

## ಮೊದಲೇ ಒಟ್ಟುಮಾಡಿಕೊಳ್ಳಬೇಕಾದದ್ದು

ಬಿತ್ತನೆಗೆ ಒಂದು ಲೋಟ ಒಣ ಸಣ್ಣ ಮರಳು, ಒಂದು ಬುಟ್ಟಿ ಜರಡಿ ಹಿಡಿದ ಎರೆಗೊಬ್ಬರ, ಸಣ್ಣ ತೂತಿನ ಹೂಜಿ, ಎರಡು ಹಳೆಯ ಗೋಣಿಚೀಲ.

ಕೊಯ್ಲಿಗೆ ಕುಡುಗೋಲು ಅಥವಾ ದೊಡ್ಡ ಕತ್ತರಿ, ಅಗಲ ಬಾಯಿಯ ಬಕೆಟ್ಟು, ಎರಡು ಹಳೆಯ ಹತ್ತಿಯ ಹೊದಿಕೆ, ಕೈಗವಸು. ಹಸನು ಮಾಡಲು ರವೆ ಜರಡಿ, ಹಿಟ್ಟಿನ ಜರಡಿ, ಮೊರ. ಹಿಟ್ಟಿನ ಜರಡಿ ಇಲ್ಲದಿದ್ದರೆ ಈಗಲೇ ಕೊಳ್ಳಿ. ತೆನೆ ಒಣಗಿ ಕೂತ ಮೇಲೆ ಅಂಗಡಿಗೆ ಓಡುವಷ್ಟು ಬಿಡುವು ಇರುವುದಿಲ್ಲ.

## ಹಂತ 1: ಬೀಜ ಯಾವುದು ಎಂದು ಖಾತ್ರಿ ಮಾಡಿಕೊಳ್ಳಿ

ಬೀಜದ ಅಂಗಡಿಯಲ್ಲಿ ‘ದಂಟಿನ ಬೀಜ ಕೊಡಿ’ ಎಂದರೆ ಕೊಡುವುದು ಸೊಪ್ಪಿನ ದಂಟನ್ನು. ಅದರ ಬೀಜ ಕಪ್ಪಗೆ ಮಿರಮಿರ ಮಿಂಚುತ್ತದೆ. ಬೆಳೆದರೆ ಸೊಪ್ಪು ಚೆಂದ, ಕಾಳು ಮಾತ್ರ ಗಟ್ಟಿ ಸಿಪ್ಪೆಯದು, ಬೇಯಿಸಿದರೂ ಗರಗರ ಎನ್ನುತ್ತದೆ, ಅರಳುವುದೂ ಕಡಿಮೆ. ನಮಗೆ ಬೇಕಾದದ್ದು ಕೆನೆ ಬಣ್ಣದ ಅಥವಾ ತಿಳಿ ಹಳದಿ ಕಾಳಿನ ದಂಟು. ಉತ್ತರ ಕರ್ನಾಟಕದವರು ರಾಜಗಿರಿ ಎನ್ನುವುದು, ಏಕಾದಶಿಗೆ ಉಂಡೆ ಕಟ್ಟುವುದು ಇದನ್ನೇ.

ನಮ್ಮ ಹವೆಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ಸುವರ್ಣ’ ತಳಿ ಒಗ್ಗುತ್ತದೆ. ಅದು ಸಿಗದಿದ್ದರೆ ದಿನಸಿ ಅಂಗಡಿಯಲ್ಲಿ ಉಪವಾಸದ ಸಾಮಾನಿನ ಜೊತೆ ಮಾರುವ ರಾಜಗಿರಿ ಕಾಳೇ ಸಾಕು. ಆದರೆ ಹುರಿದು ಅರಳಿಸಿದ್ದಲ್ಲ, ಹಸಿ ಕಾಳೇ ಆಗಿರಬೇಕು. ಪೊಟ್ಟಣ ಎಷ್ಟು ಹಳೆಯದೋ ಗೊತ್ತಿರುವುದಿಲ್ಲ, ಆದ್ದರಿಂದ ಮೊದಲು ಪರೀಕ್ಷೆ ಮಾಡಿ. 100 ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಮಡಚಿ, ತಟ್ಟೆಯಲ್ಲಿಟ್ಟು ಮುಚ್ಚಿ. ನಾಲ್ಕನೆಯ ದಿನ ಬಿಚ್ಚಿ ನೋಡಿದಾಗ 70ಕ್ಕಿಂತ ಹೆಚ್ಚು ಮೊಳೆತಿದ್ದರೆ ಬಿತ್ತಬಹುದು. 40–50 ಮೊಳೆತಿದ್ದರೆ ಬೀಜದ ಪ್ರಮಾಣ ಎರಡರಷ್ಟು ಮಾಡಿ. ಅದಕ್ಕಿಂತ ಕಡಿಮೆಯಿದ್ದರೆ ಆ ಪೊಟ್ಟಣ ಅಡುಗೆಮನೆಗೆ.

ಒಂದು ಎಚ್ಚರಿಕೆ: ಬಿತ್ತನೆ ಬೀಜಕ್ಕೆ ಗುಲಾಬಿಯೋ ನೀಲಿಯೋ ಬಣ್ಣ ಹಚ್ಚಿದ್ದರೆ ಅದು ಔಷಧ ಲೇಪಿಸಿದ್ದು. ಉಳಿದದ್ದನ್ನು ತಿನ್ನಲು ಬಳಸಬೇಡಿ, ಹಕ್ಕಿಗೂ ಹಾಕಬೇಡಿ.

## ಹಂತ 2: ದಿನ ಗೊತ್ತುಮಾಡಿ, ಕೊಯ್ಲಿನಿಂದ ಹಿಂದಕ್ಕೆ ಎಣಿಸಿ

ಬಿತ್ತಿದ ಮೇಲೆ ಕೊಯ್ಲಿಗೆ 85ರಿಂದ 100 ದಿನ. ರಾಜಗಿರಿ ತಡೆಯದೇ ಇರುವುದು ಒಂದನ್ನೇ, ಬಲಿತ ತೆನೆಯ ಮೇಲಿನ ಮಳೆಯನ್ನು. ಎರಡು ದಿನ ಜಿಟಿಜಿಟಿ ಹಿಡಿದರೆ ಕಾಳು ತೆನೆಯಲ್ಲೇ ಕಪ್ಪಿಡುತ್ತದೆ, ಕೆಲವು ಅಲ್ಲೇ ಮೊಳೆಯುತ್ತವೆ. ಆದ್ದರಿಂದ ‘ಮಳೆ ಬಂತು, ಬಿತ್ತೋಣ’ ಎಂದು ಹೊರಡಬೇಡಿ. ನಿಮ್ಮ ಊರಲ್ಲಿ ಆಕಾಶ ಯಾವಾಗ ಬೆಳ್ಳಗಾಗುತ್ತದೆ ಎಂದು ಗೊತ್ತುಮಾಡಿಕೊಂಡು ಅಲ್ಲಿಂದ ಮೂರು ತಿಂಗಳು ಹಿಂದಕ್ಕೆ ಬನ್ನಿ.

ಮೈಸೂರು, ತುಮಕೂರು, ಬೆಂಗಳೂರು ಕಡೆ ಹುಬ್ಬೆ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲ ಹದಿನೈದು ದಿನದಲ್ಲಿ ಬಿತ್ತಿದರೆ ಡಿಸೆಂಬರ್ ಬಿಸಿಲಿಗೆ ಕೊಯ್ಲು ಸಿಗುತ್ತದೆ. ಕರಾವಳಿ ಮತ್ತು ಮಲೆನಾಡಿನವರು ಮಳೆ ಪೂರಾ ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಲ್ಲಿ ಬಿತ್ತಿ ನೀರು ಕೊಟ್ಟು ಬೆಳೆಯುವುದು ವಾಸಿ. ಜೂನ್‌ನಲ್ಲಿ ಬಿತ್ತಿದರೂ ಗಿಡ ಬೆಳೆಯುತ್ತದೆ, ಆದರೆ ತೆನೆ ಬಲಿಯುವುದು ಸರಿಯಾಗಿ ಸೆಪ್ಟೆಂಬರ್ ಮಳೆಗೆ. ಮಡಿಯ ಮೇಲೆ ಚಪ್ಪರ ಇಲ್ಲದವರು ಆ ಹಂಗಾಮನ್ನು ಸೊಪ್ಪಿಗೆ ಬಿಟ್ಟುಬಿಡಿ.

ತಡವಾಗಿ ಬಿತ್ತುವವರು ಇನ್ನೊಂದು ತಿಳಿದಿರಬೇಕು. ಹಗಲು ಚಿಕ್ಕದಾದಂತೆ ಈ ಗಿಡ ಬೇಗ ತೆನೆಗೆ ತಿರುಗುತ್ತದೆ. ನವೆಂಬರ್‌ನಲ್ಲಿ ಬಿತ್ತಿದ್ದು ಮೊಳಕಾಲೆತ್ತರದಲ್ಲೇ ತೆನೆ ಹಾಕಿದರೆ ರೋಗವೆಂದು ಗಾಬರಿಯಾಗಬೇಡಿ. ಹಾಗೆ ತಡವಾದಾಗ ಗಿಡಗಳನ್ನು ಸ್ವಲ್ಪ ಒತ್ತಾಗಿ ಬಿಟ್ಟುಕೊಳ್ಳಿ.

## ಹಂತ 3: ಮಡಿ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗ. ಒಂದು ಗೇಣು ಆಳ ಅಗೆದು, ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಕಳಿಯದ ಗೊಬ್ಬರ ಹಾಕಿದರೆ ಗೆದ್ದಲು, ಗೊಣ್ಣೆಹುಳು ಜೊತೆಯಲ್ಲೇ ಬರುತ್ತವೆ. ಮೇಲಿನ ಎರಡು ಇಂಚು ಮಣ್ಣನ್ನು ಕೈಯಲ್ಲೇ ಹಿಸುಕಿ ಪುಡಿಮಾಡಿ. ಸಾಸಿವೆಗಿಂತ ಸಣ್ಣ ಕಾಳು, ಹೆಂಟೆಯ ಸಂದಿಗೆ ಬಿದ್ದರೆ ಮೇಲೆ ಬರಲಾರದು.

ಇನ್ನೊಂದು ಕೆಲಸವನ್ನು ಹೆಚ್ಚಿನವರು ಬಿಡುತ್ತಾರೆ. ಮಡಿ ಸಿದ್ಧವಾದ ಮೇಲೆ ಒಮ್ಮೆ ನೀರು ಹಾಯಿಸಿ ಒಂದು ವಾರ ಸುಮ್ಮನೆ ಬಿಡಿ. ಮಣ್ಣಿನಲ್ಲಿದ್ದ ಕಳೆಯೆಲ್ಲ ಹುಟ್ಟುತ್ತದೆ. ಅದನ್ನು ಮೇಲಿಂದ ಮೇಲೆ ಕೆರೆದು ತೆಗೆದ ಮೇಲೆ ಬಿತ್ತಿ. ಕೀರೆ, ಮುಳ್ಳು ಹರಿವೆ ಇವೆಲ್ಲ ರಾಜಗಿರಿಯ ದಾಯಾದಿಗಳು. ಎರಡು ಎಲೆಯ ಸಸಿಯಲ್ಲಿ ಯಾವುದು ಬೆಳೆ, ಯಾವುದು ಕಳೆ ಎಂದು ಹತ್ತು ವರ್ಷ ನೋಡಿದವರಿಗೂ ಹೇಳಲಾಗುವುದಿಲ್ಲ.

## ಹಂತ 4: ಬಿತ್ತನೆ

ಹುಟ್ಟಲಿಲ್ಲ ಎಂದು ಬಂದವರನ್ನು ‘ಎಷ್ಟು ಆಳ ಹಾಕಿದಿರಿ?’ ಎಂದು ಕೇಳಿದರೆ ಬಹುಪಾಲು ಮಂದಿ ಬೆರಳಿನ ಒಂದು ಗೆಣ್ಣು ತೋರಿಸುತ್ತಾರೆ. ಅವರೆಕಾಳಿಗೆ ಅದು ಸರಿ. ಒಂದು ಗ್ರಾಂ ರಾಜಗಿರಿಯಲ್ಲಿ ಸಾವಿರಕ್ಕೂ ಹೆಚ್ಚು ಕಾಳು ಇರುತ್ತವೆ. ಅಷ್ಟು ಸಣ್ಣ ಕಾಳಿಗೆ ಒಂದು ಇಂಚು ಮಣ್ಣು ದಾಟಿ ಬರುವ ಶಕ್ತಿ ಇಲ್ಲ.

ಈ ಮಡಿಗೆ 2 ಗ್ರಾಂ, ಅಂದರೆ ಅರ್ಧ ಟೀ ಚಮಚ ಬೀಜ ಸಾಕು. ಅದನ್ನು ಒಂದು ಲೋಟ ಒಣ ಮರಳಿನಲ್ಲಿ ಕಲಸಿ. ಕೆಲವರು ಮರಳಿನ ಬದಲು ರವೆ ಬೆರೆಸುತ್ತಾರೆ, ಬೇಡ. ಇರುವೆಗೆ ನಾವೇ ಔತಣ ಕೊಟ್ಟ ಹಾಗೆ, ರವೆಯ ಜೊತೆ ಬೀಜವೂ ಗೂಡು ಸೇರುತ್ತದೆ.

ಒಂದೂವರೆ ಅಡಿಗೆ ಒಂದರಂತೆ ಸಾಲು ಗೀರಿ. ಕಡ್ಡಿಯಿಂದ ಗೀರಿದ ಗುರುತು ಸಾಕು, ಕಾಲುವೆ ಬೇಡ. ಮೊದಲು ಸಾಲಿಗೆ ನೀರು ಚಿಮುಕಿಸಿ, ಆಮೇಲೆ ರಂಗೋಲಿ ಪುಡಿ ಬಿಡುವಂತೆ ಮರಳು ಬೆರೆತ ಬೀಜವನ್ನು ಬಿಡುತ್ತ ಹೋಗಿ. ಮೇಲೆ ಜರಡಿ ಹಿಡಿದ ಎರೆಗೊಬ್ಬರವನ್ನು ಕಾಳು ಕಾಣದಷ್ಟು ಮಾತ್ರ ಉದುರಿಸಿ, ಅರ್ಧ ಸೆಂಟಿಮೀಟರ್ ದಾಟಬಾರದು. ಅಂಗೈಯಿಂದ ಮೆಲ್ಲಗೆ ಒತ್ತಿ. ಮಣ್ಣಿನ ಬದಲು ಎರೆಗೊಬ್ಬರ ಯಾಕೆಂದರೆ ಮಣ್ಣು ನೀರು ಬಿದ್ದು ಒಣಗಿದರೆ ಹೆಪ್ಪುಗಟ್ಟುತ್ತದೆ, ಮೊಳಕೆ ಆ ಹೆಪ್ಪಿನ ಅಡಿಯಲ್ಲೇ ಸಾಯುತ್ತದೆ.

ಒದ್ದೆ ಮಾಡಿದ ಗೋಣಿಚೀಲವನ್ನು ಮೇಲೆ ಹಾಸಿ. ಪೈಪಿನಲ್ಲಿ ನೀರು ಬಿಡಬೇಡಿ, ಬೀಜವೆಲ್ಲ ಕೊಚ್ಚಿ ಒಂದು ಮೂಲೆಗೆ ಸೇರುತ್ತದೆ. ಎರಡನೆಯ ದಿನದ ಸಂಜೆಯಿಂದಲೇ ಗೋಣಿ ಎತ್ತಿ ನೋಡಲು ಶುರುಮಾಡಿ. ಬಿಳಿ ದಾರದಂತೆ ಮೊಳಕೆ ಕಂಡ ಕೂಡಲೇ ಗೋಣಿ ತೆಗೆದುಬಿಡಿ. ಒಂದು ದಿನ ತಡವಾದರೂ ಸಸಿ ಹಳದಿಯಾಗಿ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಎದ್ದು ನಿಲ್ಲುವುದಿಲ್ಲ. 3ರಿಂದ 5 ದಿನದಲ್ಲಿ ಎಲ್ಲ ಹುಟ್ಟಿರಬೇಕು. ಎಂಟು ದಿನವಾದರೂ ಕಾಣದಿದ್ದರೆ ಕಾಯಬೇಡಿ, ಮತ್ತೆ ಬಿತ್ತಿ.

## ಹಂತ 5: ಒತ್ತಾದ ಸಸಿ ಕೀಳುವುದು, ಎರಡು ಸಲ

ಮೊದಲ ಎರಡು ವಾರ ಗಿಡ ಬೆಳೆಯುತ್ತಲೇ ಇಲ್ಲ ಅನ್ನಿಸುತ್ತದೆ. ಅದು ಅದರ ಸ್ವಭಾವ. ಆಗ ಯೂರಿಯಾ ಚೆಲ್ಲಲು ಕೈ ತುರಿಸುತ್ತದೆ, ತಡೆದುಕೊಳ್ಳಿ. ಮೂರನೆಯ ವಾರದಿಂದ ನೋಡನೋಡುತ್ತಲೇ ಏರುತ್ತದೆ.

ಸಸಿ ಎರಡು ಇಂಚು ಇದ್ದಾಗ ಮೊದಲ ಸಲ, ಮೂರು ಬೆರಳಿಗೆ ಒಂದರಂತೆ ಉಳಿಸಿ. ಒಂದು ಗೇಣು ಎತ್ತರವಾದಾಗ ಎರಡನೆಯ ಸಲ, ಅರ್ಧ ಅಡಿಗೆ ಒಂದರಂತೆ. ಕೊನೆಗೆ ಮಡಿಯಲ್ಲಿ ಉಳಿಯಬೇಕಾದದ್ದು ಸುಮಾರು 130 ಗಿಡ. ಎರಡನೆಯ ಸಲ ಕಿತ್ತದ್ದು ಎಳೆಯ ಸೊಪ್ಪು, ಬೇಳೆ ಹಾಕಿ ಮಸ್ಸೊಪ್ಪು ಮಾಡಿದರೆ ಆ ದಿನದ ಊಟ ಮುಗಿಯಿತು.

ಇಲ್ಲಿ ಎಲ್ಲರ ಕೈಯೂ ಹಿಂಜರಿಯುತ್ತದೆ. ಚೆನ್ನಾಗಿರುವ ಸಸಿಯನ್ನು ಕೀಳಲು ಮನಸ್ಸು ಬರುವುದಿಲ್ಲ. ಆದರೆ ಒತ್ತಾಗಿ ಬಿಟ್ಟರೆ ಕಾಂಡ ಪೆನ್ಸಿಲ್ಲಿನ ಹಾಗೆ ಸಣ್ಣಗಾಗಿ, ತೆನೆಯ ಭಾರಕ್ಕೆ ಸಾಲು ಸಾಲೇ ಮಲಗುತ್ತದೆ. ಬುಡ ಹೆಬ್ಬೆರಳಿಗಿಂತ ದಪ್ಪವಿರಬೇಕು, ಅದೇ ಅಳತೆ.

ಸಸಿಗಳು ಬುಡದಲ್ಲಿ ನೀರು ನೀರಾಗಿ ಕಪ್ಪಾಗಿ, ಗುಂಪುಗುಂಪಾಗಿ ಬಾಗಿ ಬೀಳುತ್ತಿದ್ದರೆ ಅದು ಬುಡ ಕೊಳೆಯುವ ರೋಗ. ಸಂಜೆ ನೀರು ಹಾಕುವುದನ್ನು ನಿಲ್ಲಿಸಿ, ಬೆಳಿಗ್ಗೆ ಮಾತ್ರ ಕೊಡಿ, ಸುತ್ತಲಿನ ಸಸಿಯನ್ನು ಇನ್ನಷ್ಟು ವಿರಳ ಮಾಡಿ.

## ಹಂತ 6: ನಡುವಿನ ಎರಡು ತಿಂಗಳು

30ನೆಯ ದಿನ ಬುಡಕ್ಕೆ ಒಂದು ಹಿಡಿ ಎರೆಗೊಬ್ಬರ ಹಾಕಿ ನಾಲ್ಕು ಇಂಚು ಮಣ್ಣು ಏರಿಸಿ. ಗೊಬ್ಬರ ಇಷ್ಟೇ ಸಾಕು. ಯೂರಿಯಾ ಹೆಚ್ಚಾದರೆ ಗಿಡ ಸೊಕ್ಕಿ ಬೆಳೆದು ಮಗುಚುತ್ತದೆ, ಜೊತೆಗೆ ಸೊಪ್ಪಿನಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತದೆ, ಅದು ತಿನ್ನುವವರಿಗೆ ಒಳ್ಳೆಯದಲ್ಲ. ಮಳೆ ಇಲ್ಲದಾಗ ವಾರಕ್ಕೊಮ್ಮೆ ನೆನೆಯುವಂತೆ ನೀರು ಕೊಡಿ. ಗಾಳಿ ಬೀಸುವ ಜಾಗವಾದರೆ ಮಡಿಯ ನಾಲ್ಕು ಮೂಲೆಗೆ ಗೂಟ ನೆಟ್ಟು, ಸೊಂಟದೆತ್ತರಕ್ಕೆ ಸುತ್ತ ಹಗ್ಗ ಕಟ್ಟಿ.

ಸೊಪ್ಪು ಬಿಡಿಸಬಹುದು, ಆದರೆ ತೆನೆ ಇಣುಕುವವರೆಗೆ ಮಾತ್ರ, ಗಿಡಕ್ಕೆ ಎರಡು ಮೂರು ಕೆಳಗಿನ ಎಲೆ. ತುದಿ ಚಿವುಟಬೇಡಿ. ಸೊಪ್ಪಿನ ದಂಟಿಗೆ ಚಿವುಟಿದರೆ ಕವಲು ಬಂದು ಲಾಭ, ಕಾಳಿನ ದಂಟಿಗೆ ದೊಡ್ಡ ತೆನೆಯೇ ಹೋಗಿ ಸಣ್ಣ ಸಣ್ಣ ತೆನೆಗಳು ಬೇರೆ ಬೇರೆ ದಿನ ಬಲಿಯುತ್ತವೆ.

ಹುಳದಲ್ಲಿ ಮುಖ್ಯವಾದವು ಎರಡು. ಎಲೆಯ ಅಂಚು ಒಳಕ್ಕೆ ಮಡಚಿ, ಬಿಳಿ ನೂಲಿನಿಂದ ಹೊಲಿದಂತೆ ಕಂಡರೆ ಬಿಡಿಸಿ ನೋಡಿ. ಒಳಗೆ ತೆಳು ಹಸಿರು ಹುಳು ಮಲಗಿರುತ್ತದೆ, ಸುತ್ತ ಕರಿ ಹಿಕ್ಕೆ, ಎಲೆ ಜರಡಿಯ ಹಾಗೆ ಬರೀ ನರವಾಗಿರುತ್ತದೆ. ಒಂದೆರಡು ಗಿಡದಲ್ಲಿದ್ದರೆ ಎಲೆ ಸಮೇತ ಕಿತ್ತು ಸೋಪಿನ ನೀರಿಗೆ ಹಾಕಿ. ಹರಡಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ, ವಾರದ ನಂತರ ಇನ್ನೊಮ್ಮೆ. ಎರಡನೆಯದು ಕಾಂಡ ಕೊರೆಯುವ ಮೂತಿಹುಳು. ಕಾಂಡ ಅಲ್ಲಲ್ಲಿ ಊದಿ ಸೀಳು ಬಿಟ್ಟು, ಗಿಡ ಮಧ್ಯಾಹ್ನ ಜೋತು ಬೀಳುತ್ತದೆ. ಅದಕ್ಕೆ ಸಿಂಪಡಣೆಯಿಂದ ಪ್ರಯೋಜನವಿಲ್ಲ, ಹುಳು ಒಳಗಿದೆ. ಗಿಡ ಕಿತ್ತು ಸುಟ್ಟುಬಿಡಿ. ಹೊಂಡಕ್ಕೆ ಎಸೆದರೆ ಅಲ್ಲಿಂದಲೇ ಮತ್ತೆ ಬರುತ್ತದೆ.

ಎಲೆಯ ಅಡಿಯಲ್ಲಿ ಸುಣ್ಣದ ಚುಕ್ಕೆಯಂಥ ಬಿಳಿ ಗುಳ್ಳೆ ಬಂದರೆ ಆ ಎಲೆಗಳನ್ನು ತೆಗೆದುಹಾಕಿ, ನೀರನ್ನು ಬುಡಕ್ಕೆ ಮಾತ್ರ ಕೊಡಿ. ತೆನೆ ತುಂಬುವಾಗ ಗುಬ್ಬಿ, ರಾಟವಾಳ ಬರುತ್ತವೆ. ಹಳೆಯ ಸೊಳ್ಳೆಪರದೆ ಹೊದಿಸಿ. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೆ ಬೆವರಿ ಬೂಸಲು ಹಿಡಿಯುತ್ತದೆ.

## ಹಂತ 7: ಹದ ನೋಡಿ ಕೊಯ್ಯುವುದು

ರಾಗಿ, ಭತ್ತ, ಜೋಳ ನೋಡಿ ಬೆಳೆದ ಕಣ್ಣಿಗೆ ಈ ಗಿಡ ಮೋಸ ಮಾಡುವುದು ಇಲ್ಲೇ. ಅವೆಲ್ಲ ಹದಕ್ಕೆ ಬಂದಾಗ ಗಿಡವೇ ಒಣಗಿ ಹೇಳುತ್ತದೆ. ರಾಜಗಿರಿ ಹೇಳುವುದಿಲ್ಲ. ಎಲೆ ಹಸುರು, ಕಾಂಡ ರಸ ತುಂಬಿದ್ದು, ತೆನೆ ಇನ್ನೂ ಕೆಂಪಗೋ ಹಳದಿಯೋ ಹೊಳೆಯುತ್ತಿರುತ್ತದೆ, ಒಳಗೆ ಕಾಳು ಬಲಿತು ಉದುರಲು ಶುರುವಾಗಿರುತ್ತದೆ.

ಎರಡು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗಿಯ ಮಡಿಯನ್ನು ನೋಡಲು ಹೋಗಿದ್ದೆ. 90 ದಿನ ದಾಟಿತ್ತು. ತೆನೆಯ ಕೆಳಗೆ ಅಂಗೈ ಹಿಡಿದು ತಟ್ಟಿದೆ, ಚಿಟಿಕೆಯಷ್ಟು ಕಾಳು ಬಿತ್ತು. ಕೊಯ್ದುಬಿಡು ಎಂದೆ. ‘ಇನ್ನೂ ಹಸುರಾಗೇ ಇದೆಯಲ್ಲಕ್ಕಾ, ಇನ್ನೊಂದು ವಾರ ಒಣಗಲಿ’ ಎಂದಳು. ಐದನೆಯ ದಿನ ರಾತ್ರಿ ಗಾಳಿಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಮಡಿಯ ಮಣ್ಣಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಕಾಳು. ಮೂರು ತಿಂಗಳ ಕೆಲಸ. ಒಂದೊಂದು ಕಾಳೂ ಕಣ್ಣಿಗೆ ಕಾಣುತ್ತಿತ್ತು, ಒಂದನ್ನೂ ಎತ್ತಿಕೊಳ್ಳುವ ಹಾಗಿರಲಿಲ್ಲ.

ಆದ್ದರಿಂದ 75ನೆಯ ದಿನದಿಂದ ಎರಡು ದಿನಕ್ಕೊಮ್ಮೆ ಹೀಗೆ ನೋಡಿ. ಬಿಳಿ ತಟ್ಟೆಯೊಂದನ್ನು ತೆನೆಯ ಕೆಳಗೆ ಹಿಡಿದು ಬೆರಳಿನಿಂದ ತಟ್ಟಿ. ಕಾಳು ಬಿದ್ದರೆ ನಾಲ್ಕೈದನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ. ಮೆತ್ತಗೆ ಚಪ್ಪಟೆಯಾದರೆ ಅಥವಾ ಹಾಲು ಬಂದರೆ ಇನ್ನೂ ಎಳೆಯದು. ಟಕ್ ಎಂದು ಒಡೆದರೆ ಬಲಿತಿದೆ. ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿರುವುದೂ ಒಂದು ಗುರುತು. ಆದರೆ ನಂಬಬೇಕಾದದ್ದು ಹಲ್ಲನ್ನೇ.

ಒಂದೇ ತೆನೆಯಲ್ಲಿ ಎಲ್ಲ ಕಾಳೂ ಒಟ್ಟಿಗೆ ಬಲಿಯುವುದಿಲ್ಲ. ಮೊದಲು ಉದುರುವುದನ್ನು ಕಳೆದುಕೊಳ್ಳದಿರಲು ಮನೆಯ ಮಡಿಗೆ ಒಂದು ಉಪಾಯವಿದೆ. ಗಿಡವನ್ನು ಮೆಲ್ಲಗೆ ಬಾಗಿಸಿ, ತೆನೆಯನ್ನು ಬಕೆಟ್ಟಿನೊಳಗೆ ಇಳಿಸಿ, ಎರಡು ಮೂರು ಸಲ ಕೊಡವಿ ಮತ್ತೆ ಬಿಟ್ಟುಬಿಡಿ. ಮೂರು ನಾಲ್ಕು ದಿನಕ್ಕೊಮ್ಮೆ ಹೀಗೆ ಮಾಡಿದರೆ ಒಳ್ಳೆಯ ಕಾಳೆಲ್ಲ ಬಕೆಟ್ಟಿಗೇ ಬರುತ್ತದೆ, ಹೊಟ್ಟು ಕೂಡ ಕಡಿಮೆ. ಮುಂದಿನ ವರ್ಷದ ಬೀಜವನ್ನು ಇದರಿಂದಲೇ ತೆಗೆದಿಡಿ, ನೆಟ್ಟಗೆ ನಿಂತ, ದೊಡ್ಡ ತೆನೆಯ ಐದಾರು ಗಿಡಗಳನ್ನು ಗುರುತು ಮಾಡಿ.

ಮುಕ್ಕಾಲು ಪಾಲು ಬಲಿತಾಗ ಪೂರಾ ಕೊಯ್ಯಿರಿ. ಅದಕ್ಕೆ ಹತ್ತು ದಿನ ಮುಂಚೆಯೇ ನೀರು ನಿಲ್ಲಿಸಿರಬೇಕು. ಬೆಳಿಗ್ಗೆ ಇಬ್ಬನಿಯ ಪಸೆ ಇನ್ನೂ ಸ್ವಲ್ಪ ಇರುವಾಗ ಕೊಯ್ದರೆ ಕಾಳು ಉದುರುವುದು ಕಡಿಮೆ. ಮಧ್ಯಾಹ್ನದ ಬಿಸಿಲಿಗೆ ಮುಟ್ಟಿದರೆ ಸಾಕು ಸುರಿಯುತ್ತದೆ. ತೆನೆಯನ್ನು ಮಾತ್ರ ಒಂದು ಗೇಣು ಕಾಂಡ ಬಿಟ್ಟು ಕತ್ತರಿಸಿ ನೇರ ಬಕೆಟ್ಟಿಗೆ ಹಾಕಿ. ನೆಲದ ಮೇಲೆ ಒಂದು ಕ್ಷಣವೂ ಇಡಬೇಡಿ. ಗಿಡ ಬೇರು ಸಮೇತ ಕಿತ್ತರೆ ಬೇರಿನ ಮಣ್ಣು ತೆನೆಗೆ ಉದುರುತ್ತದೆ, ಕರಕರ ಶುರುವಾಗುವುದು ಅಲ್ಲಿಂದಲೇ.

ಮಳೆ ಬರುವ ಸೂಚನೆ ಇದ್ದರೆ ಅರ್ಧ ಬಲಿತಿದ್ದರೂ ಕೊಯ್ದು ಒಳಗೆ ತನ್ನಿ. ಸಿಕ್ಕಷ್ಟು ನಮ್ಮದು.

## ಹಂತ 8: ಒಣಗಿಸುವುದು, ಒಕ್ಕುವುದು

ಕೊಯ್ದ ತೆನೆಯಲ್ಲಿ ಬಹಳ ಹಸಿ ಇರುತ್ತದೆ. ರಾಶಿ ಹಾಕಿದರೆ ಒಂದೇ ರಾತ್ರಿಯಲ್ಲಿ ಒಳಗೆ ಕಾವು ಏರುತ್ತದೆ. ಕೈ ತೂರಿಸಿದಾಗ ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ ಕೂಡಲೇ ಹರಡಿ. ಹತ್ತಿಯ ಹೊದಿಕೆಯ ಮೇಲೆ ಒಂದೇ ಪದರವಾಗಿ ಹಾಸಿ, ದಿನಕ್ಕೆರಡು ಸಲ ತಿರುವಿ, ಸಂಜೆ ಹೊದಿಕೆ ಸಮೇತ ಮಡಚಿ ಒಳಗೆ ತನ್ನಿ. ಅಂಗಳದ ನೆಲ, ಟಾರ್ ರಸ್ತೆ ಎರಡೂ ಬೇಡ. ರಾಗಿಯ ಕಣದಲ್ಲಿ ಬಂದ ಮರಳನ್ನು ಜರಡಿಯಲ್ಲಿ ತೆಗೆಯಬಹುದು. ರಾಜಗಿರಿ ಕಾಳು ಮರಳಿನಷ್ಟೇ ಗಾತ್ರ, ಒಮ್ಮೆ ಬೆರೆತರೆ ಯಾವ ಜರಡಿಯೂ ಬೇರ್ಪಡಿಸಲಾರದು.

ಮೂರರಿಂದ ಐದು ಬಿಸಿಲು ಸಾಕು. ಪೂರಾ ಗರಿಗರಿ ಒಣಗಿಸುವುದೂ ತಪ್ಪೇ. ಆಗ ತೆನೆಯ ಹೂವಿನ ಚೂರೆಲ್ಲ ಪುಡಿಯಾಗಿ ಕಾಳಿನ ಗಾತ್ರಕ್ಕೇ ಇಳಿಯುತ್ತದೆ, ಆ ಹೊಟ್ಟನ್ನು ತೆಗೆಯಲು ದಿನವಿಡೀ ಬೇಕು. ತೆನೆಯನ್ನು ಉಜ್ಜಿದರೆ ಕಾಳು ಸಲೀಸಾಗಿ ಬೀಳಬೇಕು, ಕಡ್ಡಿ ಮುರಿಯದೆ ಬಾಗಬೇಕು. ಆ ಹದದಲ್ಲಿ ಒಕ್ಕಿ.

ಹೊದಿಕೆಯ ಮೇಲೆ ಕೂತು, ಕೈಗವಸು ಹಾಕಿ, ತೆನೆಯನ್ನು ಎರಡು ಅಂಗೈ ನಡುವೆ ತಿಕ್ಕಿ. ಬರಿಗೈಯಲ್ಲಿ ತಿಕ್ಕಿದರೆ ಸಣ್ಣ ಮುಳ್ಳಿನಂಥ ಸಿಬಿರು ಚುಚ್ಚಿ ಎರಡು ದಿನ ಉರಿಯುತ್ತದೆ. ದೂಳು ಬಹಳ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆಸ್ತಮಾ ಇರುವವರು ಈ ಕೆಲಸಕ್ಕೆ ಕೂರಬೇಡಿ.

## ಹಂತ 9: ಹಸನು ಮಾಡುವುದು

ಈ ಕ್ರಮವನ್ನು ಬದಲಿಸಬೇಡಿ. ಮೊದಲು ಜರಡಿ, ಆಮೇಲೆ ಮೊರ, ಕೊನೆಗೆ ಗಾಳಿ. ಮೊದಲೇ ಗಾಳಿಗೆ ತೂರಿದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತದೆ.

ಮೊದಲು ರವೆ ಜರಡಿ. ಕಾಳು ಕೆಳಗೆ ಬೀಳುತ್ತದೆ, ಕಡ್ಡಿ, ಎಲೆ ಚೂರು ಮೇಲೆ ಉಳಿಯುತ್ತದೆ. ಕೆಳಗೆ ಬಿದ್ದದ್ದನ್ನು ಹಿಟ್ಟಿನ ಜರಡಿಗೆ ಹಾಕಿ. ಈಗ ಕಾಳು ಮೇಲೆ ಉಳಿಯುತ್ತದೆ, ದೂಳು ಮತ್ತು ಸಣ್ಣ ಮಣ್ಣು ಕೆಳಗೆ ಇಳಿಯುತ್ತದೆ. ಆಮೇಲೆ ಮೊರದಲ್ಲಿ ಒಂದೊಂದೇ ಹಿಡಿ ಹಾಕಿ ಕೇರಿ. ರಾಗಿ ಕೇರುವಷ್ಟು ಎತ್ತಿ ಹಾರಿಸಬೇಡಿ, ಮೊರವನ್ನು ಕುಲುಕಿ ಹೊಟ್ಟು ಮುಂದಕ್ಕೆ ಬಂದಾಗ ಬಾಯಿಂದ ಊದಿದರೂ ಸಾಕು. ಉಳಿದದ್ದಕ್ಕೆ ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿಟ್ಟು, ನಾಲ್ಕೈದು ಅಡಿ ದೂರದಲ್ಲಿ ಒಂದು ತಟ್ಟೆಯಿಂದ ಇನ್ನೊಂದು ಅಗಲ ತಟ್ಟೆಗೆ ಸುರಿಯಿರಿ. ಕೆಳಗೆ ಬಟ್ಟೆ ಹಾಸಿರಿ. ಕಾಳು ಬಟ್ಟೆಯ ಆಚೆಗೆ ಬೀಳುತ್ತಿದ್ದರೆ ಇನ್ನೆರಡು ಅಡಿ ಹಿಂದೆ ಸರಿಯಿರಿ.

ಹಸನಾದ ಕಾಳಿನಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಕಾಳು ಕಂಡರೆ ಗಮನಿಸಿ. ಸುತ್ತಲಿನ ಕಾಡು ದಂಟು ಬೆರಕೆಯಾಗಿದೆ ಎಂದರ್ಥ. ತಿನ್ನಲು ತೊಂದರೆ ಇಲ್ಲ, ಬೀಜಕ್ಕೆ ಅವನ್ನು ಆರಿಸಿ ತೆಗೆಯಿರಿ. ಹೆಚ್ಚಾದರೆ ಆ ವರ್ಷ ಬೀಜ ಹೊಸದಾಗಿ ತನ್ನಿ.

ಈಗ ಬರೀ ಕಾಳನ್ನು ಮತ್ತೆ ಎರಡು ಬಿಸಿಲು ಒಣಗಿಸಿ, ತಣ್ಣಗಾದ ಮೇಲೆ ಗಾಜಿನ ಬಾಟಲಿಗೆ ತುಂಬಿ. ಮಾರನೆಯ ದಿನ ಬಾಟಲಿಯ ಒಳಗೋಡೆಯಲ್ಲಿ ಮಂಜು ಕೂತಿದ್ದರೆ ಒಣಗಿಲ್ಲ, ಮತ್ತೆ ಬಿಸಿಲಿಗೆ ಹಾಕಿ. ಕಾಳಾಗಿಯೇ ಇಡಿ. ಇದರಲ್ಲಿ ಎಣ್ಣೆಯಂಶ ಅಕ್ಕಿ, ಗೋಧಿಗಿಂತ ಹೆಚ್ಚು, ಹಿಟ್ಟು ಮಾಡಿಟ್ಟರೆ ಬೇಗ ಕಮಟುತ್ತದೆ. ಎರಡು ವಾರಕ್ಕೆ ಬೇಕಾದಷ್ಟು ಮಾತ್ರ ಬೀಸಿಕೊಳ್ಳಿ.

## ಹಂತ 10: ಅಡುಗೆಗೆ ಮುಂಚೆ ಜಾಲಿಸುವುದು

ಎಷ್ಟೇ ಎಚ್ಚರವಿದ್ದರೂ ನಾಲ್ಕು ಮರಳಿನ ಕಣ ಉಳಿದೇ ಇರುತ್ತದೆ. ಅಗಲ ಪಾತ್ರೆಯಲ್ಲಿ ಕಾಳು ಹಾಕಿ ತುಂಬ ನೀರು ಬಿಟ್ಟು ಕೈಯಿಂದ ಸುತ್ತಿಸಿ. ಮರಳು ಮೊದಲು ತಳಕ್ಕೆ ಇಳಿಯುತ್ತದೆ, ಕಾಳು ಸ್ವಲ್ಪ ಹೊತ್ತು ನೀರಿನಲ್ಲಿ ತಿರುಗುತ್ತಿರುತ್ತದೆ. ಆ ತಿರುಗುವ ನೀರನ್ನೇ ತೆಳು ಬಟ್ಟೆಯ ಮೇಲೆ ಬಗ್ಗಿಸಿ. ಮತ್ತೆ ನೀರು, ಮತ್ತೆ ಬಗ್ಗಿಸುವುದು. ನಾಲ್ಕು ಸಲ ಮಾಡಿ ತಳದಲ್ಲಿ ಉಳಿದ ಕೊನೆಯ ಒಂದು ಚಮಚವನ್ನು ಚೆಲ್ಲಿಬಿಡಿ. ಆ ಒಂದು ಚಮಚದ ಆಸೆಗೆ ಇಡೀ ಪಾತ್ರೆ ಕೆಡಿಸಿಕೊಂಡವರು ಬಹಳ ಮಂದಿ.

ಸಾಮಾನ್ಯ ಬಟ್ಟಲಿನ ಜಾಲರಿಯಲ್ಲಿ ಬಸಿಯಬೇಡಿ, ಕಾಳೆಲ್ಲ ಸಿಂಕಿಗೆ ಹೋಗುತ್ತದೆ.

## ಹಂತ 11: ಅರಳು ಹುರಿಯುವುದು

ಜಾಲಿಸಿದ ಕಾಳನ್ನು ನೆರಳಿನಲ್ಲಿ ಒಂದು ದಿನ ಆರಿಸಿರಬೇಕು. ದಪ್ಪ ತಳದ ಕಬ್ಬಿಣದ ಬಾಣಲೆ, ಎಣ್ಣೆ ಬೇಡ. ಬಾಣಲೆ ಎಷ್ಟು ಕಾಯಬೇಕೆಂದರೆ, ಒಂದು ಹನಿ ನೀರು ಬಿಟ್ಟರೆ ಮುತ್ತಿನ ಹಾಗೆ ಉರುಳಾಡಬೇಕು. ಒಂದು ದೊಡ್ಡ ಚಮಚ ಕಾಳು ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಕೂಡಲೇ ಬಟ್ಟೆ ಸುತ್ತಿದ ಕಡ್ಡಿಯಿಂದ ಆಡಿಸಿ. ಚಿಟಪಟ ಎಂದು ಮಲ್ಲಿಗೆಯಂತೆ ಬಿಳಿಯಾಗಿ ಅರಳುತ್ತದೆ, ಹದಿನೈದು ಸೆಕೆಂಡಿನೊಳಗೆ ಮುಗಿದಿರಬೇಕು. ಸದ್ದು ಇಳಿಯುತ್ತಿದ್ದಂತೆ ತಟ್ಟೆಗೆ ಸುರಿಯಿರಿ, ಒಲೆಯ ಮೇಲೆ ಬಿಟ್ಟರೆ ಕಹಿ. ಕಾಳು ಸಿಡಿಯುತ್ತದೆ, ಕಣ್ಣು ಹತ್ತಿರ ಒಯ್ಯಬೇಡಿ, ಮಕ್ಕಳನ್ನು ದೂರ ಇರಿಸಿ.

ಅರಳದೆ ಕೆಂಪಗಾಗಿ ಸೀದ ವಾಸನೆ ಬಂದರೆ ಎರಡೇ ಕಾರಣ. ಬಾಣಲೆ ಕಾದಿಲ್ಲ, ಇಲ್ಲವೇ ಕಾಳು ಅತಿಯಾಗಿ ಒಣಗಿದೆ. ಉರಿ ಏರಿಸಿ ನೋಡಿ. ಆಗಲೂ ಬರದಿದ್ದರೆ ಒಂದು ಲೋಟ ಕಾಳಿಗೆ ಒಂದು ಟೀ ಚಮಚ ನೀರು ಚಿಮುಕಿಸಿ ಕಲಸಿ, ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಹುರಿಯಿರಿ. ಅರಳುವುದು ಒಳಗಿನ ಪಸೆ ಉಗಿಯಾಗಿ ಒಡೆಯುವುದರಿಂದ, ಪಸೆಯೇ ಇಲ್ಲದ ಕಾಳು ಬರೀ ಸೀಯುತ್ತದೆ.

ಉಂಡೆಗೆ ನಾಲ್ಕು ಲೋಟ ಅರಳಿಗೆ ಒಂದೂಕಾಲು ಲೋಟ ಪುಡಿ ಬೆಲ್ಲ. ಪಾಕವನ್ನು ತಣ್ಣೀರಿಗೆ ಒಂದು ಹನಿ ಬಿಟ್ಟರೆ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಗಬೇಕು. ಕರಗಿ ಹೋದರೆ ಇನ್ನೂ ಎಳೆ ಪಾಕ, ಉಂಡೆ ನಿಲ್ಲುವುದಿಲ್ಲ. ಅರಳನ್ನು ಮೊದಲು ಹಿಟ್ಟಿನ ಜರಡಿಯಲ್ಲಲ್ಲ, ರವೆ ಜರಡಿಯಲ್ಲಿ ಹಿಡಿದು ಅರಳದ ಕಾಳನ್ನು ತೆಗೆದಿರಬೇಕು, ಹಲ್ಲಿಗೆ ಸಿಗುವುದು ಅದೇ.

## ಹಂತ 12: ದಿನದ ಊಟಕ್ಕೆ

ಅನ್ನದ ಹಾಗೆ ಉದುರುದುರಾಗಿ ಬೇಯುತ್ತದೆ ಎಂದು ಕಾಯಬೇಡಿ, ಅಂಟಂಟಾಗಿ ಗಂಜಿಯಂತೆಯೇ ಆಗುತ್ತದೆ. ಒಂದು ಲೋಟ ಕಾಳಿಗೆ ಮೂರು ಲೋಟ ನೀರು, ಸಣ್ಣ ಉರಿಯಲ್ಲಿ 20–25 ನಿಮಿಷ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಅಂಬಲಿ ಮಾಡಿದರೆ ನಮ್ಮ ಮನೆಯಲ್ಲಿ ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ಕುಕ್ಕರಿನಲ್ಲಿ ನೇರ ಹಾಕಿ ಬೇಯಿಸಬೇಡಿ. ನೊರೆಯ ಜೊತೆ ಕಾಳು ಮೇಲೆದ್ದು ಸೀಟಿಯ ತೂತನ್ನು ಮುಚ್ಚಬಹುದು, ಅಪಾಯ. ಒಳಪಾತ್ರೆಯಲ್ಲಿಟ್ಟು ಅದಕ್ಕೂ ಮುಚ್ಚಳ ಹಾಕಿ.

ರೊಟ್ಟಿ, ಚಪಾತಿ, ಮುದ್ದೆ, ದೋಸೆ ಯಾವುದಕ್ಕಾದರೂ ಮೂರು ಪಾಲು ರೂಢಿಯ ಹಿಟ್ಟಿಗೆ ಒಂದು ಪಾಲು ರಾಜಗಿರಿ ಹಿಟ್ಟು. ಇದರಲ್ಲಿ ಗೋಧಿಯ ಜಿಗುಟು ಇಲ್ಲ, ಬರೀ ಇದರದ್ದೇ ಚಪಾತಿ ಲಟ್ಟಿಸಿದರೆ ಅಂಚು ಬಿರಿಯುತ್ತದೆ. ಉಪವಾಸಕ್ಕೆ ಇದರದ್ದೇ ಬೇಕೆಂದರೆ ಬೇಯಿಸಿದ ಆಲೂಗಡ್ಡೆ ಹಿಸುಕಿ ಕಲಸಿ, ಕೈಯಲ್ಲೇ ತಟ್ಟಿ. ಬೆರೆಸಿ ತಿನ್ನುವುದರಲ್ಲಿ ಇನ್ನೊಂದು ಲಾಭವಿದೆ. 100 ಗ್ರಾಂ ಕಾಳಿನಲ್ಲಿ 13 ಗ್ರಾಂ ಆಸುಪಾಸು ಪ್ರೋಟೀನು, 160 ಮಿಲಿಗ್ರಾಂ ಆಸುಪಾಸು ಸುಣ್ಣದಂಶ ಇದೆ. ಅಕ್ಕಿ, ಗೋಧಿಯಲ್ಲಿ ಕೊರತೆಯಿರುವ ಲೈಸೀನ್ ಎಂಬ ಪ್ರೋಟೀನಿನ ಅಂಶ ಇದರಲ್ಲಿ ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಹಸಿ ಕಾಳನ್ನಾಗಲಿ ಹಸಿ ಹಿಟ್ಟನ್ನಾಗಲಿ ನೇರ ತಿನ್ನಬೇಡಿ, ಬೇಯಿಸಿ ಅಥವಾ ಅರಳಿಸಿಯೇ ತಿನ್ನಿ. ಮೂತ್ರಪಿಂಡದಲ್ಲಿ ಕಲ್ಲು ಆದವರು ಕಾಳನ್ನೂ ಸೊಪ್ಪನ್ನೂ ವೈದ್ಯರನ್ನು ಕೇಳಿಯೇ ತಿನ್ನಬೇಕು, ಎರಡರಲ್ಲೂ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಇದೆ, ಸೊಪ್ಪಿನಲ್ಲಿ ಹೆಚ್ಚು. ಮೊದಲ ಸಲ ತಿನ್ನುವವರಿಗೆ, ಮಕ್ಕಳಿಗೆ, ಎರಡು ಚಮಚ ಬೆಂದ ಕಾಳಿನಿಂದ ಶುರುಮಾಡಿ, ಹೊಟ್ಟೆಗೆ ಒಗ್ಗಿದಂತೆ ಹೆಚ್ಚಿಸಿ.